ಒಂದೇ ಬಾಗಿಲಿನ ಉಗ್ರಾಣ

ನನ್ನ ಊರಿನ ಜನ ಹಸಿವಿನಿಂದ ಸಾಯುತ್ತಿದ್ದರು. ಉಗ್ರಾಣದಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿತ್ತು. ನಾನು ಸಿಟ್ಟಿಗೆದ್ದು ಮೌಸನ್ನು ಮೇಜಿನ ಮೇಲೆ ಕುಕ್ಕಿದೆ. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನನ್ನ ಯಜಮಾನರು ತಲೆ ಎತ್ತದೆ ಕೇಳಿದರು, "ಇವತ್ತ ಎಷ್ಟ ಮಂದಿ ಹೋದ್ರು?"

ಊರು ಎಂದರೆ ಕಂಪ್ಯೂಟರಿನೊಳಗಿನ ಊರು. ನಾನು ಜಹೀರಾಬಾದಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ. ಸಂಜೆ ಮನೆಗೆ ಬಂದು ಚಹಾ ಕುಡಿದ ಮೇಲೆ ಊರು ಕಟ್ಟುತ್ತೇನೆ. ನನ್ನ ವಯಸ್ಸಿನ ಹೆಂಗಸರು ಧಾರಾವಾಹಿ ನೋಡುತ್ತಾರೆ, ನನಗೆ ಈ ಹುಚ್ಚು. ಆಟ ಬಹಳ ಸರಳವಾಗಿ ಶುರುವಾಗುತ್ತದೆ. ಬೆಟ್ಟಗಳ ನಡುವೆ ಒಂದಿಷ್ಟು ಬಯಲು, ಒಂದು ನದಿ, ನಾಲ್ಕಾರು ಸಂಸಾರ. ಅವರಿಗೆ ಮನೆ ಕಟ್ಟಿಸಬೇಕು, ಹೊಲ ಮಾಡಿಸಬೇಕು, ಮೀನು ಹಿಡಿಸಬೇಕು, ಕಟ್ಟಿಗೆ ಕಡಿಸಬೇಕು. ಬೆಳೆದದ್ದು, ಕಡಿದದ್ದು ಎಲ್ಲವೂ ಉಗ್ರಾಣ ಸೇರುತ್ತದೆ. ಅಲ್ಲಿಂದ ಒಂದೊಂದು ಮನೆಯವರೂ ತಮಗೆ ಬೇಕಾದದ್ದನ್ನು ತಾವೇ ನಡೆದುಹೋಗಿ ಹೊತ್ತು ತರಬೇಕು. ಚಳಿಗಾಲದಲ್ಲಿ ಊರೆಲ್ಲ ಹಿಮದಲ್ಲಿ ಮುಚ್ಚಿಹೋಗುತ್ತದೆ. ಆಗ ಮನೆಯಲ್ಲಿ ಕಾಳಿಲ್ಲದವರು ಹಸಿದು ಸಾಯುತ್ತಾರೆ, ಕಟ್ಟಿಗೆಯಿಲ್ಲದವರು ಚಳಿಗೆ ಸಾಯುತ್ತಾರೆ. ಬೆಳೆಯುವುದರಲ್ಲಿ ನಾನು ಗಟ್ಟಿಗಿತ್ತಿ, ಬೆಳೆದದ್ದನ್ನು ಮನೆಮನೆಗೆ ಮುಟ್ಟಿಸುವುದರಲ್ಲಿ ಪ್ರತಿ ಸಲವೂ ಸೋಲುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನ್ನ ನೆಗೆಣ್ಣಿ, ಅಂದರೆ ಯಜಮಾನರ ಅಣ್ಣನ ಹೆಂಡತಿ, ನಮ್ಮ ಮನೆಗೆ ಬಂದು ಉಳಿದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ನಾರಾಯಣಖೇಡದಲ್ಲಿ ಅವರದು ಒಕ್ಕಲುತನ, ಜೊತೆಗೆ ಕಾಳುಕಡಿಯ ಅಂಗಡಿ. ಮೊಣಕಾಲಿನ ಆಪರೇಷನ್ ಆಗಿತ್ತು. ಕಾಲಿಗೆ ವ್ಯಾಯಾಮ ಮಾಡಿಸುವವರು ನಮ್ಮ ಓಣಿಯಲ್ಲೇ ಇದ್ದುದರಿಂದ ನಾವೇ ಹಟ ಮಾಡಿ ಕರೆತಂದೆವು. ಬಂದವರೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಮ್ಮೆ ತೆರೆದು ನೋಡಿ, ಜೀರಿಗೆ ಇಟ್ಟ ಜಾಗ ತಪ್ಪು ಎಂದರು. ತಪ್ಪೇ ಆಗಿತ್ತು.

ಅಕ್ಕನ ಬಗ್ಗೆ ಹೇಳಬೇಕೆಂದರೆ ಮೊದಲು ನಮ್ಮ ಕಡೆಯ ಮದುವೆಯ ಉಗ್ರಾಣದ ಬಗ್ಗೆ ಹೇಳಬೇಕು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ತುಪ್ಪ, ಎಲೆ ಅಡಿಕೆ, ಮದುವೆಗೆಂದು ತಂದ ಸಾಮಾನೆಲ್ಲ ಒಂದೇ ಖೋಲಿಯಲ್ಲಿ ಇರುತ್ತದೆ. ಮೊದಲ ದಿನ ಅಲ್ಲಿ ಕಳಸ ಇಟ್ಟು, ವಿಭೂತಿ ಹಚ್ಚಿ ಪೂಜೆ ಮಾಡುತ್ತೇವೆ. ಆಮೇಲೆ ಕೀಲಿಕೈ ಒಬ್ಬರ ಕೈ ಸೇರುತ್ತದೆ. ಮದುವೆ ಮುಗಿಯುವವರೆಗೆ ಆ ಬಾಗಿಲು ಅವರದು. ಉಗ್ರಾಣ ಒಡೆಯಬಾರದು, ಅಂದರೆ ಸಾಮಾನನ್ನು ಎರಡು ಕಡೆ ಹಂಚಿ ಇಡಬಾರದು. ಹಾಗೆ ಮಾಡಿದರೆ ಮುಂದೆ ಮನೆಯೇ ಪಾಲಾಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ನಾನು ಸೊಸೆಯಾಗಿ ಬಂದಾಗಿನಿಂದ ನಮ್ಮ ಬಳಗದ ಮದುವೆಗಳಲ್ಲೆಲ್ಲ ಆ ಕೀಲಿಕೈ ಅಕ್ಕನ ಸೊಂಟದಲ್ಲೇ ಇರುತ್ತಿತ್ತು.

ಅವರು ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತರೆಂದರೆ ಒಳಗಿನ ಒಂದು ನಿಂಬೆಹಣ್ಣು ಕೂಡ ಹೇಳದೆ ಕೇಳದೆ ಹೊರಗೆ ಹೋಗುತ್ತಿರಲಿಲ್ಲ. ಊಟದ ಪಂಕ್ತಿಯಿಂದ ಕೇಳಿಬರುವ ಬಕೆಟ್ಟಿನ ಸದ್ದಿನ ಮೇಲೆಯೇ ಸಾರು ತಳಕ್ಕೆ ಬಂತೆಂದು ಹೇಳಿಬಿಡುತ್ತಿದ್ದರು. ರಾಯಿಕೋಡಿನ ಮದುವೆಯೊಂದಕ್ಕೆ ಬೀಗರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಜನರನ್ನು ಕರೆದುಕೊಂಡು ಬಂದರು. ಅಡುಗೆಯವರು ಕೈಚೆಲ್ಲಿ ಕುಳಿತರು. ಅಕ್ಕ ಮರುದಿನದ ಉಪ್ಪಿಟ್ಟಿಗೆ ಇಟ್ಟಿದ್ದ ರವೆ ತೆಗೆದು ಶಿರಾ ಮಾಡಿಸಿ ಬೀಗರ ಮುಂದಿಟ್ಟರು; ಅವರು ಅದನ್ನು ಹೊಗಳುತ್ತ ತಿನ್ನುವಷ್ಟರಲ್ಲಿ ಎರಡನೇ ಹಂಡೆಯ ಹುಗ್ಗಿ ಇಳಿದಿತ್ತು. ಪೆದ್ದೆಮುಲ್ಲಿನಲ್ಲಿ ಅಕಾಲದ ಮಳೆ ಸುರಿದು ಅಂಗಳದ ಒಲೆಗಳು ಆರಿದಾಗ ಒಣಕಟ್ಟಿಗೆ ಬಂದದ್ದು ಅಕ್ಕಿ ಚೀಲಗಳ ಹಿಂದಿನಿಂದ. ಮೋಡ ನೋಡಿ ಹಿಂದಿನ ದಿನವೇ ಅಡಗಿಸಿ ಇಡಿಸಿದ್ದರು. ಇಂಥ ತಲೆಯನ್ನು ಕಂಡರೆ ನನಗೆ ಕೈಮುಗಿಯಬೇಕು ಅನಿಸುತ್ತದೆ. ಎಲ್ಲರ ಊಟ ಮುಗಿದು ಎಲೆ ಎತ್ತಿದ ಮೇಲೆ ಯಾರೋ ನೆನಪು ಮಾಡಿಕೊಂಡು ಅವರಿಗೊಂದು ತಟ್ಟೆಯನ್ನು ಆ ಬಾಗಿಲಿಗೇ ತಂದುಕೊಡುತ್ತಿದ್ದರು.

ಅಕ್ಕ ನಮ್ಮಲ್ಲಿದ್ದಾಗಲೇ ಅವರಿಗೆ ತಾಂಡೂರಿನಿಂದ ನಾದಿನಿಯ ಫೋನು ಬಂತು. ನಾದಿನಿ ಎಂದರೆ ಯಜಮಾನರ ತಂಗಿ. ಅವಳ ಮಗಳ ಮದುವೆ ನಿಶ್ಚಯವಾಗಿತ್ತು, ಫಂಕ್ಷನ್ ಹಾಲ್ ಹಿಡಿದಿದ್ದರು. "ವೈನಿ, ಈ ಸಲ ನೀವು ಏನೂ ಮಾಡಬ್ಯಾಡ್ರಿ," ಎಂದಳು; ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತೇವೆ. "ಅಡಗಿಯವರು ಬರ್ತಾರ, ಸಾಮಾನ ನಮ್ಮ ಮಂದಿ ನೋಡ್ಕೋತಾರ. ನೀವು ಮುಂದಿನ ಸಾಲಿನಾಗ ಕುರ್ಚಿ ಮ್ಯಾಲ ಆರಾಮ ಕುಂದರ್ರಿ."

"ಆತವ್ವ," ಎಂದು ಅಕ್ಕ ಫೋನಿಟ್ಟರು. ಸ್ವಲ್ಪ ಹೊತ್ತು ಮೊಣಕಾಲು ನೀವಿಕೊಂಡು ನನ್ನತ್ತ ತಿರುಗಿದರು. "ಕುರ್ಚಿ ಮ್ಯಾಲ ಕುಂದ್ರಸ್ತಾಳಂತ. ಇನ್ನ ಹಾರ ಹಾಕೋದೊಂದೇ ಬಾಕಿ ನೋಡು."

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹಾರ ಹಾಕುತ್ತಾರೆ. ನಾನು ನಕ್ಕೆ. ಅವರು ನಗಲಿಲ್ಲ. "ಆ ಹುಡಗೀನ ಎತ್ತಿ ಆಡಿಸೀನಿ ನಾ. ಆಕಿ ಲಗ್ನದ ಉಗ್ರಾಣ ನಾನೇ ನೋಡಬೇಕಂತ ಎಷ್ಟ ವರ್ಷದ ಆಸೆ. ಕಾಲು ಹೋದ್ರ ತಲಿನೂ ಹೋಗ್ತದೇನು?" ಯಾರ ಮುಂದೆಯೂ ಏನನ್ನೂ ಬೇಡದ ಹೆಂಗಸು ಅವರು. ನನಗೆ ನಿಜವಾಗಿಯೂ ಸಂಕಟವಾಯಿತು, ಎದ್ದು ಹೋಗಿ ಕಂಪ್ಯೂಟರು ಹಚ್ಚಿದೆ.

ಅವರೂ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು.

"ಏನಿವು, ಇರುವಿ?"

"ಮಂದಿ ಅಕ್ಕ."

"ಇಷ್ಟ ಸಣ್ಣ ಮಂದಿ?" ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಯಾರು ಹೊಲದವರು, ಯಾರು ಮೀನಿನವರು, ಯಾರು ಕಟ್ಟಿಗೆಯವರು ಎಂದು ಒಬ್ಬೊಬ್ಬರನ್ನೇ ತೋರಿಸಿದೆ. ಊರ ನಡುವಿನ ಒಂದೇ ಅಂಗಳದಲ್ಲಿ ಸಾಲಾಗಿ ಕಟ್ಟಿಸಿದ್ದ ಉಗ್ರಾಣಗಳನ್ನೂ ತೋರಿಸಿದೆ. ಇಡೀ ಊರಿನಲ್ಲಿ ಸಾಮಾನು ಇದ್ದದ್ದು ಅಲ್ಲೊಂದೇ ಕಡೆ. "ನಿಮ್ಮನ್ನ ನೋಡೇ ಹಿಂಗ ಕಟ್ಟೀನ್ರಿ," ಎಂದೆ. ಸುಳ್ಳಲ್ಲ. ಈ ಆಟ ಆಡುವ ಬೇರೆ ಯಾರೂ ಹೀಗೆ ಕಟ್ಟಲಾರರು; ಉಗ್ರಾಣ ಒಡೆಯಬಾರದು ಎಂದು ಕೇಳಿ ಬೆಳೆದವರಿಗೆ ಮಾತ್ರ ಇದು ತೋಚುತ್ತದೆ.

ಅಕ್ಕನಿಗೆ ಬಹಳ ಸಂತೋಷವಾಯಿತು. "ಬರಾಬರಿ ಮಾಡೀದಿ. ಒಂದೇ ಬಾಗಲ ಇರಬೇಕು."

ಚಳಿಗಾಲ ಬಂತು. ಒಂದೇ ಬಾಗಿಲಿನ ಊರಿನಲ್ಲಿ ಅಂಚಿನ ಮನೆಗಳವರು ಮೊದಲು ಸತ್ತರು, ಆಮೇಲೆ ಅವರಿಗಿಂತ ಒಳಗಿನವರು. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ಶಿವನೇ, ಖೋಲಿ ತುಂಬ್ಯಾದ, ಮಂದಿ ಯಾಕ ಸಾಯಾಕತ್ಯಾರ?"

"ಅದೇ ನನಗೂ ತಿಳೀವಲ್ದು."

ಅಲ್ಲಿಂದ ನಮ್ಮಿಬ್ಬರ ಜಗಳ ಶುರು. ಬೆಳೆ ಸಾಲದು ಎಂದು ನನ್ನ ವಾದ. ಇನ್ನಷ್ಟು ಹೊಲ ಮಾಡಿಸಿದೆ. ಉಗ್ರಾಣ ಇನ್ನಷ್ಟು ತುಂಬಿತು, ಜನ ಸಾಯುತ್ತಲೇ ಇದ್ದರು. ಬಾಗಿಲಲ್ಲಿ ಕುಳಿತು ನೋಡುವವರಿಲ್ಲ, ಅದಕ್ಕೇ ಹೀಗೆ ಎಂದು ಅಕ್ಕನ ವಾದ. ಅವರ ಮಾತು ಕೇಳಿ ಸಾಲಿನ ಉಗ್ರಾಣಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿಸಿದೆ. ಆ ವರ್ಷ ಊರಿಗೆ ಊರೇ ಖಾಲಿಯಾಯಿತು. "ವೈನಿ, ನೀವಿಬ್ರೂ ಕೂಡಿದ್ರ ಜಹೀರಾಬಾದ ಉಳೀತದೇನ್ರಿ?" ಎಂದು ಯಜಮಾನರು ಕೇಳಿದರು. ಅಕ್ಕ ಅವರನ್ನು ಚಹಾ ಮಾಡಲು ಕಳಿಸಿದರು.

ಮರುದಿನ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿದರು, "ಎಲ್ಲಾರ್ನೂ ನೋಡಬ್ಯಾಡ. ಒಬ್ಬಾಕೀನ್ನ ಹಿಡಿ. ಆಕಿ ಹಿಂದೇ ಹೋಗಮ, ಏನ ಮಾಡ್ತಾಳ ನೋಡಮ."

ಆಟದಲ್ಲಿ ಅದಕ್ಕೆ ದಾರಿಯಿದೆ. ಒಬ್ಬರ ಮೇಲೆ ಒತ್ತಿದರೆ ಪರದೆ ಅವರ ಹಿಂದೆಯೇ ಸಾಗುತ್ತದೆ. ಹೊಸದಾಗಿ ಊರು ಹೂಡಿ, ಕಾಡಂಚಿನಲ್ಲಿ ಮನೆಯಿದ್ದ ಒಬ್ಬ ಕಟ್ಟಿಗೆ ಕಡಿಯುವ ಹೆಂಗಸನ್ನು ಹಿಡಿದೆವು. ಅವಳು ಕಟ್ಟಿಗೆ ಕಡಿದಳು. ಹೊರೆ ಹೊತ್ತು ಊರ ನಡುವಿನ ಉಗ್ರಾಣಕ್ಕೆ ಹೊರಟಳು. ದಾರಿ ಮುಗಿಯುವಂತೆಯೇ ಇರಲಿಲ್ಲ. ಅಕ್ಕ ತೆಲುಗಿನಲ್ಲಿ ಅವಳನ್ನು ಅವಸರಿಸಿದರು, "ನಡು ತಲ್ಲಿ, ನಡು ನಡು." ನಡೆಯಮ್ಮ, ಬೇಗ ನಡೆ ಎಂದು ಹೊಲದ ಕೆಲಸದವರಿಗೆ ಹೇಳಿದ ರೂಢಿ ಅದು. ಹೆಂಗಸು ಹೊರೆ ಇಳಿಸಿ ಮನೆಗೆ ಹಿಂದಿರುಗಿದಳು. ಮನೆಯಲ್ಲಿ ಒಲೆಗೆ ಕಟ್ಟಿಗೆ ಇರಲಿಲ್ಲ. ಅದನ್ನು ತರಲು ಮತ್ತೆ ಉಗ್ರಾಣಕ್ಕೆ ಹೊರಟಳು. ಹಿಮ ಬೀಳತೊಡಗಿತ್ತು, ಅವಳು ಅರ್ಧ ದಾರಿಯಲ್ಲೇ ಬಿದ್ದಳು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು, "ಕಟಗಿ ಕಡ್ಯಾಕಿ ಮನ್ಯಾಗೇ ಕಟಗಿ ಇಲ್ಲಲ್ಲೇ. ಎಲ್ಲಾರಿಗೂ ಕೊಡಾಕಿ, ತನಗಿಲ್ಲ."

ನಾನು ಅವರ ಮುಖ ನೋಡಿದೆ.

"ಒಡಿ," ಎಂದರು.

"ಏನು?"

"ಉಗ್ರಾಣ ಒಡಿ. ಕಾಡಿನ ಹಂತೇಲಿ ಒಂದು ಸಣ್ಣದು ಕಟ್ಟು, ಹೊಳಿ ಹಂತೇಲಿ ಒಂದು ಕಟ್ಟು. ಇದೇನು ಲಗ್ನದ ಮನಿ ಅಲ್ಲಲ್ಲ."

ಒಡೆದೆ. ಈಗ ಕಾಡಿನವರು ಚಳಿಗೆ ಸಾಯಲಿಲ್ಲ, ಹಸಿದು ಸತ್ತರು. ಕಾಡಿನ ಉಗ್ರಾಣದ ತುಂಬ ಬರೀ ಕಟ್ಟಿಗೆ, ಹೊಳೆಯ ಉಗ್ರಾಣದ ತುಂಬ ಬರೀ ಮೀನು. ಹತ್ತಿರ ಯಾರಿದ್ದರೋ ಅವರು ತಮ್ಮ ಸಾಮಾನನ್ನೇ ತುಂಬಿಬಿಟ್ಟಿದ್ದರು. ಇಲ್ಲಿ ಅಕ್ಕನ ಹಳೆಯ ಕೈಚಳಕ ಹೊರಬಂತು. ಯಾವ ಖೋಲಿಯನ್ನೂ ಪೂರ್ತಿ ತುಂಬಬಾರದು, ತಿರುಗಾಡಲು ಜಾಗ ಬಿಡಬೇಕು, ಒಂದೇ ಸಾಮಾನು ಹೆಚ್ಚಾಯಿತೆಂದರೆ ಅದನ್ನು ತರುವುದನ್ನೇ ನಿಲ್ಲಿಸಬೇಕು ಎಂದರು. ಆಟದಲ್ಲಿ ಸಂತೆಮನೆ ಎಂಬುದೊಂದಿದೆ. ಅಲ್ಲಿಯವರು ಉಗ್ರಾಣಗಳಿಂದ ಎಲ್ಲ ಬಗೆಯ ಸಾಮಾನನ್ನೂ ಸ್ವಲ್ಪ ಸ್ವಲ್ಪ ತಂದು ಸುತ್ತಲಿನ ಮನೆಗಳಿಗೆ ಸಿಗುವಂತೆ ಇಡುತ್ತಾರೆ. ನಾನು ಅದನ್ನು ಇಷ್ಟು ದಿನ ದಂಡವೆಂದು ಬಿಟ್ಟಿದ್ದೆ. "ಬರೇ ಬ್ಯಾಳಿ ಕೊಟ್ರ ಊಟ ಆಗ್ತದೇನು? ಉಪ್ಪೂ ಬೇಕು, ಖಾರಾನೂ ಬೇಕು. ಕಟ್ಟು ಅದನ್ನ," ಎಂದು ಅಕ್ಕ ಮೇಜು ಬಡಿದರು.

ಮುಂದಿನ ಚಳಿಗಾಲದಲ್ಲಿ ಯಾರೂ ಸಾಯಲಿಲ್ಲ. ಹಿಮದಲ್ಲಿ ಮುಳುಗಿದ ಊರಿನ ಒಂದೊಂದು ಮನೆಯಿಂದಲೂ ಹೊಗೆ ಏಳುತ್ತಿತ್ತು, ಕಾಡಂಚಿನ ಮನೆಯಿಂದ ಕೂಡ. ಅಂಥ ಚೆಂದದ ನೋಟವನ್ನು ನಾನು ಆ ಪರದೆಯ ಮೇಲೆ ಅದಕ್ಕೆ ಮೊದಲು ಕಂಡಿರಲಿಲ್ಲ. ಅಕ್ಕ ಆಪರೇಷನ್ ಆದ ಕಾಲೆಂಬುದನ್ನೂ ಮರೆತು ತೊಡೆ ತಟ್ಟಿಕೊಂಡು ಅಯ್ಯೋ ಎಂದರು. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಮರುದಿನವೇ ನಾನು ನಾದಿನಿಗೆ ಫೋನು ಮಾಡಿದೆ. ನಯವಾಗಿ ಹೇಳಬೇಕೆಂದುಕೊಂಡಿದ್ದೆ, ಆದರೆ ನಯ ನನಗೆ ಒಗ್ಗುವುದಿಲ್ಲ. "ಅಕ್ಕನ ಕೈಗಿ ಕೀಲಿಕೈ ಕೊಡಲಿಲ್ಲಂದ್ರ ನಾವಿಬ್ರೂ ಲಗ್ನಕ್ಕ ಬರಂಗಿಲ್ಲ ನೋಡು," ಎಂದೆ. ಯಜಮಾನರು ದೂರದಿಂದಲೇ ಕಣ್ಣು ಬಿಟ್ಟು ಹೆದರಿಸಲು ನೋಡಿದರು. ನಾದಿನಿ ಆ ಕಡೆ ಬಿಕ್ಕಿದಳು. "ಅವರ ಕಾಲು ನೋಡಿ ಅಂದೀನಿ ವೈನಿ, ಬ್ಯಾರೆ ಏನಿಲ್ಲ. ಅವರು ಬಾಗಲಾಗ ಕುಂತ್ರ ನನಗೇ ಧೈರ್ಯ." ಪಾಪ, ಅವಳದೂ ಪ್ರೀತಿಯೇ.

ಮದುವೆಯ ಹಿಂದಿನ ದಿನ ತಾಂಡೂರಿಗೆ ಹೋದೆವು. ಹಾಲ್ ದೊಡ್ಡದು. ಉಗ್ರಾಣಕ್ಕೆ ಕೊಟ್ಟ ಖೋಲಿ ಹಿಂದಿನ ಮೂಲೆಯಲ್ಲಿ, ಅಡುಗೆ ಪಕ್ಕದ ಬಯಲಿನಲ್ಲಿ, ಊಟದ ಜಾಗ ಮುಂಭಾಗದಲ್ಲಿ, ಬೀಗರ ಬಿಡಾರ ಮೇಲಿನ ಮಹಡಿಯಲ್ಲಿ. ಕಳಸದ ಪೂಜೆಯಾಯಿತು, ಕೀಲಿಕೈ ಅಕ್ಕನ ಸೊಂಟ ಸೇರಿತು. ಅಕ್ಕ ಬಾಗಿಲಲ್ಲಿ ನಿಂತು ಸುತ್ತ ನೋಡಿ, ಒಂದು ಕೊಡ ನೀರು ನನ್ನ ಕೈಗೆ ಕೊಟ್ಟರು. "ಊಟದ ಜಾಗಕ್ಕ ಹೋಗಿ ಬಾ. ಆಮ್ಯಾಲ ಮ್ಯಾಗ ಬೀಗರ ಹಂತೇಲಿ ಹೋಗಿ ಬಾ." ನುಣುಪು ಪರಸಿ ಕಲ್ಲಿನ ನೆಲದಲ್ಲಿ ಜಾರುತ್ತ, ಮೆಟ್ಟಿಲು ಹತ್ತಿ ಇಳಿದು, ಏದುಸಿರು ಬಿಡುತ್ತ ಹಿಂದಿರುಗಿದೆ.

"ಕಟಗಿ ಕಡ್ಯಾಕಿ ಆದಿ ನೋಡು ನೀ," ಎಂದು ನಕ್ಕರು. ಆಮೇಲೆ ಉಗ್ರಾಣ ಒಡೆದರು.

ಅಕ್ಕಿ, ಹಿಟ್ಟು, ಎಣ್ಣೆ, ಬೇಳೆ, ಬೆಲ್ಲ, ಒಂದಿಷ್ಟು ತುಪ್ಪ ಒಲೆಯ ಬಳಿ ಹೋದವು. ಎಲೆ, ನೀರು, ಉಪ್ಪು, ಉಪ್ಪಿನಕಾಯಿ, ತುಪ್ಪ ಊಟದ ಜಾಗಕ್ಕೆ. ಚಹಾಪುಡಿ, ಸಕ್ಕರೆ, ಹಾಲು, ಎಲೆ ಅಡಿಕೆ ಮಹಡಿಗೆ. ಒಂದೊಂದು ಕಡೆಗೂ ಬಳಗದ ಒಬ್ಬೊಬ್ಬ ಗಟ್ಟಿ ಹೆಂಗಸನ್ನು ಕೂರಿಸಿ, "ನನ್ನ ಕೇಳಾಕ ಬರಬ್ಯಾಡ್ರಿ. ನಿಮ್ಮಲ್ಲಿ ಕಮ್ಮಿ ಬಿದ್ರ ಅವರಿಂದ ತರಸ್ರಿ, ಅವರಲ್ಲಿ ಕಮ್ಮಿ ಬಿದ್ರ ನೀವು ಕಳಸ್ರಿ," ಎಂದರು. ಖೋಲಿಯಲ್ಲಿ ಉಳಿದದ್ದು ಕಳಸ, ಒಂದು ಬುಟ್ಟಿ ಅಕ್ಕಿ.

ನಮ್ಮ ಮಾವನವರ ತಂಗಿ, ಬಳಗಕ್ಕೇ ಹಿರಿಯಳಾದ ಮುದುಕಿ, ಕೋಲೂರಿಕೊಂಡು ಬಂದಳು. "ಉಗ್ರಾಣ ಒಡದ್ಯಾ? ಲಗ್ನದ ಮನ್ಯಾಗ? ಬುದ್ಧಿ ಎಲ್ಲಿ ಹೋಗ್ಯಾದ?" ಸುತ್ತಲಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು.

"ಒಡದಿಲ್ಲತ್ತಿ. ಕಳಸ ಇಲ್ಲೇ ಅದ, ಕೀಲಿ ನನ್ನ ಹಂತೇಲಿ ಅದ," ಎಂದು ಅಕ್ಕ ಎಲ್ಲರೆದುರು ಖೋಲಿಗೆ ಬೀಗ ಹಾಕಿದರು. "ಸಾಮಾನು ಉಣ್ಣಾವರ ಹಂತೇಲಿ ಹೋಗ್ಯಾದ, ಅಷ್ಟೇ."

ಮುದುಕಿ ಗೊಣಗುತ್ತ ಹೋದಳು. ನನಗೆ ಭಯವಾಯಿತು. ನಾಳೆ ಒಂದು ಚಮಚ ತುಪ್ಪ ಕಡಿಮೆ ಬಿದ್ದರೂ ಸಾಕು, ಉಗ್ರಾಣ ಒಡೆದದ್ದಕ್ಕೇ ಹೀಗಾಯಿತು ಎನ್ನುತ್ತಾರೆ, ಇಷ್ಟು ವರ್ಷದ ಅಕ್ಕನ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಆಟದ ಊರು ಸತ್ತರೆ ಇನ್ನೊಂದು ಹೂಡಬಹುದು. ಇದು ಹಾಗಲ್ಲ ಎಂದು ಅಕ್ಕನಿಗೂ ಗೊತ್ತಿತ್ತು.

ಮರುದಿನ ಅಕ್ಷತೆ ಬಿತ್ತು. ಮೊದಲನೇ ಪಂಕ್ತಿಗೆ ಎಲೆ ಹಾಸಿದರು. ಅಕ್ಕ ರೂಢಿಯಂತೆ ಬೀಗ ಹಾಕಿದ ಬಾಗಿಲಲ್ಲೇ ಕುಳಿತಿದ್ದರು. ಮಣೆಯ ಬದಲು ಈಗ ಕುರ್ಚಿ, ಅಷ್ಟೇ ವ್ಯತ್ಯಾಸ. ಕಣ್ಣು ಮುಚ್ಚಿ ಬಕೆಟ್ಟಿನ ಸದ್ದು ಕೇಳುತ್ತಿದ್ದರು. ತುಪ್ಪ ಕೇಳಿಕೊಂಡು ಯಾರೂ ಬರಲಿಲ್ಲ. ಸಕ್ಕರೆಗೂ ಯಾರೂ ಬರಲಿಲ್ಲ. ಅವರ ಮುಖ ಸಣ್ಣದಾಗತೊಡಗಿತು.

"ಯಾರೂ ಬರವಲ್ರಲ್ಲೇ."

"ಯಾರಿಗೂ ಏನೂ ಕಮ್ಮಿ ಬಿದ್ದಿಲ್ಲ, ಅದಕ್ಕೇ ಬಂದಿಲ್ಲ. ಬೀಗರು ಎರಡೆರಡು ಸಲ ಚಹಾ ಕುಡದಾರ. ಪಂಕ್ತ್ಯಾಗ ತುಪ್ಪ ಕಮ್ಮಿ ಆಗೋ ಮೊದಲೇ ಒಲಿ ಕಡಿಂದ ಬಂತು, ನಾನೇ ನೋಡೀನಿ," ಎಂದೆ.

"ಹಂಗಾರ ನಾ ಇಲ್ಲಿ ಕುಂತು ಏನ ಮಾಡಾಕತ್ತೀನಿ?"

"ಅದನ್ನೇ ನಾನೂ ಕೇಳಾಕತ್ತೀನಿ. ಏಳ್ರಿ, ಉಣ್ಣಾಕ ನಡೀರಿ."

"ನಾನಾ? ಈಗ? ಮೊದಲನೇ ಪಂಕ್ತ್ಯಾಗ?" ಅವರು ಬೀಗದ ಕಡೆ ನೋಡಿದರು, ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡರು. ನಾನು ತೋಳು ಹಿಡಿದು ಎಬ್ಬಿಸಿದೆ. ನಿಧಾನವಾಗಿ ನಡೆದು ಹೋಗಿ, ಕಾಲು ಮಡಚಲಾಗದವರಿಗೆಂದು ಹಾಕಿದ್ದ ಮೇಜಿನ ಸಾಲಿನಲ್ಲಿ ಇಬ್ಬರೂ ಎಲೆಯ ಮುಂದೆ ಕುಳಿತೆವು. ಅಕ್ಕ ಕೈಯನ್ನು ಎಲ್ಲಿಡಬೇಕೋ ತಿಳಿಯದವರಂತೆ ಎಲೆಯನ್ನು ಮೂರು ಸಲ ನೀರಿನಿಂದ ಒರೆಸಿದರು.

ದೂರದಲ್ಲಿ ಬೀಗರ ಜೊತೆ ನಿಂತಿದ್ದ ನಾದಿನಿ ನೋಡಿಬಿಟ್ಟಳು. ಹೆಣ್ಣಿನ ತಾಯಿ, ಜರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಡಿಸುವವನ ಕೈಯಿಂದ ಬಕೆಟ್ಟು ಕಸಿದುಕೊಂಡು ಬಂದಳು. ಆಗಷ್ಟೇ ಇಳಿಸಿದ ಗೋಧಿ ಹುಗ್ಗಿ. ಸೌಟಿನಿಂದ ಎಲೆಗೆ ಬಿದ್ದದ್ದು ಹರಡಿಕೊಂಡಿತು, ಹಬೆ ಎದ್ದು ಅಕ್ಕನ ಕನ್ನಡಕ ಮಂಜಾಯಿತು. ಅವರು ಬೆರಳಿಟ್ಟು ಸಟ್ಟನೆ ಹಿಂದೆ ತೆಗೆದುಕೊಂಡರು.

"ಸುಡ್ತದಲ್ಲೇ!" ಎಂದು ಮಕ್ಕಳಂತೆ ನಕ್ಕರು. "ಇಷ್ಟ ಲಗ್ನ ಮಾಡೀನಿ. ಲಗ್ನದ ಹುಗ್ಗಿ ಬಿಸಿ ಇರ್ತದಂತ ನನಗ ಇವತ್ತೇ ಗೊತ್ತಾತು ನೋಡ್ರಿ."

ನಾದಿನಿ ಸೌಟು ಹಿಡಿದು ನಿಂತೇ ಇದ್ದಳು. ಅವಳ ಕಣ್ಣುಗಳು ತುಂಬಿ ಬಂದಿದ್ದವು, ನನ್ನವೂ. ಅಕ್ಕ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಹುಗ್ಗಿಯ ನಡುವೆ ಬೆರಳಿನಿಂದ ಒಂದು ಕುಳಿ ಮಾಡಿ, "ಇಲ್ಲಿ ತುಪ್ಪ ಹಾಕು," ಎಂದರು.